92 ಒಳ್ಳೆಯದೋ, 97 ಒಳ್ಳೆಯದೋ: ಬೇರೆ ಬೇರೆ ಕೋರ್ಸುಗಳಿಗೆ ಗಾಲ್ಫ್ ಹ್ಯಾಂಡಿಕ್ಯಾಪ್ ಲೆಕ್ಕ ಹಾಕುವ ಬಗೆ

ಬೆಂಗಳೂರಿನಿಂದ ಧಾರವಾಡಕ್ಕೆ ಬರುವ ವಂದೇ ಭಾರತ್ ರೈಲು. ಸೀಟಿನ ಮುಂದಿನ ಪುಟ್ಟ ಟ್ರೇ ಮೇಲೆ ಎರಡು ಸ್ಕೋರ್‌ಕಾರ್ಡ್. ಒಂದು ನನ್ನದು, ಇನ್ನೊಂದು ಗದಗಿನ ನಮ್ಮ ಭಾವನದು. ಒಂದೇ ಶನಿವಾರ ಇಬ್ಬರೂ ಬೇರೆ ಬೇರೆ ಕೋರ್ಸಿನಲ್ಲಿ ಆಡಿ ಬಂದಿದ್ದೆವು.

"ನಂದು 92, ನಿಂದು 97. ಇದರಾಗ ಮತ್ತೇನು ಲೆಕ್ಕ ಹಾಕೋದೈತಿ?" ಅಂದರು ಭಾವ.

ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿದವನೇ ಮೇಲು, ಹಾಗಾಗಿ ಅವರು ಹೇಳಿದ್ದು ಸಹಜವೇ. ನಾನು ಕಾರ್ಡಿನ ಮೇಲಿದ್ದ ಸಣ್ಣ ಅಕ್ಷರದ ಅಂಕಿಗಳನ್ನು ತೋರಿಸಿ, ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದೆ. ಹಾವೇರಿ ದಾಟುವಷ್ಟರಲ್ಲಿ ಲೆಕ್ಕ ಮುಗಿದಿತ್ತು. ನನ್ನ 97, ಅವರ 92ಕ್ಕಿಂತ ನಾಲ್ಕೂವರೆ ಹೊಡೆತಕ್ಕೂ ಜಾಸ್ತಿ ಒಳ್ಳೆಯ ಆಟ ಅಂತ ಬಂತು. ಅದು ಹೇಗೆ ಅನ್ನೋದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಆಟಗಾರರಿಗೆ ಇದು ಮುಖ್ಯ. ನಾವು ಊರೂರು ಸುತ್ತಿ, ಸಿಕ್ಕ ಕೋರ್ಸಿನಲ್ಲಿ ಆಡುವವರು. ಒಂದೇ ಕೋರ್ಸಿನಲ್ಲಿ ವರ್ಷವಿಡೀ ಆಡುವವರಿಗಿಂತ ಈ ಲೆಕ್ಕ ನಮಗೇ ಜಾಸ್ತಿ ಬೇಕು.

ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನಿಗೆ ಬಿಟ್ಟುಕೊಡುವ ಹೆಚ್ಚುವರಿ ಹೊಡೆತಗಳ ಲೆಕ್ಕ. ಈಗ ನಡೆಯುತ್ತಿರುವುದು ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ. 2020ಕ್ಕೆ ಮುಂಚೆ ಜಗತ್ತಿನಲ್ಲಿ ಆರು ದೊಡ್ಡ ಪದ್ಧತಿಗಳಿದ್ದವು. ಅಮೆರಿಕದ ಯು.ಎಸ್.ಜಿ.ಎ. ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಅನ್ನೋ ಗಾಲ್ಫ್ ಸಂಸ್ಥೆಗಳು ಸೇರಿ ಅವನ್ನೆಲ್ಲ ಒಂದು ಮಾಡಿದವು. 2024ರಲ್ಲಿ ಕೆಲವು ತಿದ್ದುಪಡಿ ಬಂದವು. ನಮ್ಮ ದೇಶದಲ್ಲಿ ಇದನ್ನು ನೋಡಿಕೊಳ್ಳುವುದು ಇಂಡಿಯನ್ ಗಾಲ್ಫ್ ಯೂನಿಯನ್.

ಮೊದಲು ಕಾರ್ಡಿನ ಮೇಲಿನ ನಾಲ್ಕು ಅಂಕಿ ಹುಡುಕಿ

ಪಾರ್ ಎಲ್ಲರಿಗೂ ಗೊತ್ತು. ಒಂದು ಹೋಲನ್ನು (ಮೊದಲ ಹೊಡೆತದಿಂದ ಚೆಂಡು ಗುಳಿಗೆ ಬೀಳುವವರೆಗಿನ ಭಾಗ) ಚೆನ್ನಾಗಿ ಆಡಿದರೆ ಬೇಕಾಗುವ ಹೊಡೆತ, ಅಷ್ಟೇ. ಸ್ಟ್ರೋಕ್ ಇಂಡೆಕ್ಸ್ ಅಂದರೆ 18 ಹೋಲುಗಳಿಗೆ ಕೊಟ್ಟ 1ರಿಂದ 18ರವರೆಗಿನ ಸಂಖ್ಯೆ. ಹ್ಯಾಂಡಿಕ್ಯಾಪಿನ ಹೆಚ್ಚುವರಿ ಹೊಡೆತಗಳು ಯಾವ ಹೋಲಿಗೆ ಮೊದಲು ಹೋಗಬೇಕು ಅನ್ನೋದನ್ನು ಅದು ಹೇಳುತ್ತದೆ.

ಉಳಿದ ಎರಡು ಅಂಕಿಗಳಲ್ಲೇ ಎಲ್ಲ ಇರೋದು: ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್ ರೇಟಿಂಗ್. ಇವು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ, 73.1/134 ಅನ್ನೋ ಥರ. ಕಾರ್ಡಿನಲ್ಲಿ ಕಾಣದಿದ್ದರೆ ಕ್ಲಬ್ಬಿನ ನೋಟಿಸ್ ಬೋರ್ಡ್ ನೋಡಿ, ಇಲ್ಲವೇ ಆಟ ಶುರು ಮಾಡಿಸುವವರನ್ನು ಕೇಳಿ. ಪ್ರತಿ ಟೀಗೂ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಕ್ಕೂ, ಬೇರೆ ಬೇರೆ ಅಂಕಿ ಇರುತ್ತದೆ. ಗಂಡಸರಿಗೆ, ಹೆಂಗಸರಿಗೆ ಒಂದೇ ಟೀಯಿಂದಲೂ ಬೇರೆ ಅಂಕಿ. ಹಾಗಾಗಿ ಯಾವ ಬಣ್ಣದ ಟೀಯಿಂದ ಆಡಿದ್ದೀರೋ ಆ ಸಾಲನ್ನೇ ನೋಡಬೇಕು.

ಕೋರ್ಸ್ ರೇಟಿಂಗ್ ಅಂದರೆ, ಹ್ಯಾಂಡಿಕ್ಯಾಪ್ ಸೊನ್ನೆ ಇರುವ ಆಟಗಾರ ಆ ಟೀಯಿಂದ ಚೆನ್ನಾಗಿ ಆಡಿದ ದಿನ ಎಷ್ಟು ಹೊಡೆಯಬಹುದು ಅನ್ನೋ ಅಂದಾಜು. ಇಂಥವನಿಗೆ ಸ್ಕ್ರ್ಯಾಚ್ ಆಟಗಾರ ಅನ್ನುತ್ತಾರೆ. 73.1 ಅಂದರೆ ಪಾರ್ 72ಕ್ಕಿಂತ ಒಂದು ಹೊಡೆತ ಜಾಸ್ತಿ ಅವನಿಗೂ ಬೇಕು. 68.2 ಇದ್ದು ಪಾರ್ 70 ಆಗಿದ್ದರೆ, ಪಾರ್‌ಗಿಂತ ಸುಮಾರು ಎರಡು ಹೊಡೆತ ಕಡಿಮೆಯಲ್ಲೇ ಮುಗಿಸುತ್ತಾನೆ.

ಸ್ಲೋಪ್ ವಿಷಯದಲ್ಲೇ ಎಲ್ಲರೂ ಎಡವುವುದು. "ಸ್ಲೋಪ್ ಜಾಸ್ತಿ ಅಂದ್ರೆ ಕೋರ್ಸ್ ಕಷ್ಟ" ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಅರ್ಧ ಮಾತ್ರ ನಿಜ. ಹುಬ್ಬಳ್ಳಿಯವರಿಗೆ ನಾನು ಹೀಗೆ ಹೇಳುತ್ತೇನೆ. ಉಣಕಲ್ ಕೆರೆ ದಂಡೆಯಲ್ಲಿ ದಿನಾ ಓಡುವ ಹುಡುಗನೊಬ್ಬ, ಅಪರೂಪಕ್ಕೆ ಓಡುವ ನಾನು. ಸಪಾಟು ದಾರಿಯಲ್ಲಿ ಅವನು 20 ನಿಮಿಷಕ್ಕೆ ಮುಗಿಸಿದರೆ ನನಗೆ 26 ನಿಮಿಷ. ಅಂತರ 6. ಅದೇ ದೂರವನ್ನು ನೃಪತುಂಗ ಬೆಟ್ಟದ ಏರಿನಲ್ಲಿ ಓಡಿದರೆ ಅವನಿಗೆ 24, ನನಗೆ 36. ಅಂತರ 12. ಬೆಟ್ಟ ಇಬ್ಬರಿಗೂ ಕಷ್ಟವೇ. ಆದರೆ ಅವನಿಗೆ 4 ನಿಮಿಷದ ಕಷ್ಟ, ನನಗೆ 10 ನಿಮಿಷದ ಕಷ್ಟ.

ಆ ಅಂತರ ಎಷ್ಟು ಹಿಗ್ಗುತ್ತದೆ ಅನ್ನೋದೇ ಸ್ಲೋಪ್. ಕೋರ್ಸ್ ಅಳೆಯಲು ಬರುವವರು ಇಬ್ಬರು ಆಟಗಾರರನ್ನು ಕಣ್ಣಮುಂದೆ ಇಟ್ಟುಕೊಳ್ಳುತ್ತಾರೆ. ಗಂಡಸರ ಲೆಕ್ಕದಲ್ಲಿ ಸ್ಕ್ರ್ಯಾಚ್ ಆಟಗಾರ ಟೀಯಿಂದ 250 ಗಜ ಹೊಡೆಯುತ್ತಾನೆ. ಸುಮಾರು 20 ಹ್ಯಾಂಡಿಕ್ಯಾಪಿನ ಬೋಗಿ ಆಟಗಾರ 200 ಗಜ. 220 ಗಜದಲ್ಲಿ ಒಂದು ಹಳ್ಳ ಇದೆ ಅಂದುಕೊಳ್ಳಿ. ಮೊದಲನೆಯವನಿಗೆ ಅದು ಲೆಕ್ಕಕ್ಕೇ ಇಲ್ಲ, ಎರಡನೆಯವನಿಗೆ ಎರಡನೇ ಹೊಡೆತದ ಎದುರಿಗೇ ನಿಂತಿದೆ. ಮರ, ಬಂಕರ್ (ಮರಳುಗುಂಡಿ), ನೀರು, ಉದ್ದ ಹುಲ್ಲು, ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ) ಅಳತೆ, ಏರು ಇಳಿತ, ಗಾಳಿ, ಎಲ್ಲವನ್ನೂ ಇಬ್ಬರ ಕಣ್ಣಿನಿಂದ ನೋಡಿ ಎರಡು ರೇಟಿಂಗ್ ತೆಗೆಯುತ್ತಾರೆ. ಬೋಗಿ ರೇಟಿಂಗಿನಿಂದ ಕೋರ್ಸ್ ರೇಟಿಂಗ್ ಕಳೆದು, ಗಂಡಸರಿಗೆ 5.381ರಿಂದ, ಹೆಂಗಸರಿಗೆ 4.24ರಿಂದ ಗುಣಿಸಿದರೆ ಸ್ಲೋಪ್ ಸಿಗುತ್ತದೆ. ಅದು 55ರಿಂದ 155ರ ಒಳಗೆ ಇರುತ್ತದೆ. 113 ಅನ್ನೋದು ಮಟ್ಟಸ ಕೋರ್ಸಿನ ಅಂಕಿ. ಮುಂದಿನ ಎಲ್ಲ ಲೆಕ್ಕದಲ್ಲೂ ಈ 113 ಬರುತ್ತಲೇ ಇರುತ್ತದೆ.

ಎತ್ತರದ ಊರುಗಳಲ್ಲಿ ಗಾಳಿ ತೆಳುವಾಗಿ ಚೆಂಡು ದೂರ ಹೋಗುತ್ತದೆ, ಊಟಿಯಲ್ಲಿ ಆಡಿದವರಿಗೆ ಇದು ಗೊತ್ತು. ಅದೂ ರೇಟಿಂಗಿನ ಒಳಗೇ ಸೇರಿದೆ, ನೀವು ಬೇರೆ ಕಳೆಯಬೇಕಾಗಿಲ್ಲ.

ಹೆಜ್ಜೆ 1: ಕಾರ್ಡನ್ನು ತಿದ್ದಿಕೊಳ್ಳಿ

ಒಂದು ಹೋಲಿನಲ್ಲಿ ಕೈಕೊಟ್ಟರೆ ಇಡೀ ದಿನದ ಆಟ ಕೆಟ್ಟದಾಗಿ ಕಾಣಬಾರದು. ಅದಕ್ಕಾಗಿ ಪ್ರತಿ ಹೋಲಿಗೂ ಒಂದು ಮಿತಿ ಇದೆ, ನೆಟ್ ಡಬಲ್ ಬೋಗಿ ಅಂತ. ಪಾರ್‌ಗೆ 2 ಸೇರಿಸಿ, ಆ ಹೋಲಿನಲ್ಲಿ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತ ಸೇರಿಸಿ. ಅದಕ್ಕಿಂತ ಜಾಸ್ತಿ ಹೊಡೆದಿದ್ದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಅಷ್ಟೇ ಬರೆಯಬೇಕು.

ಭಾವನ ಕಾರ್ಡನ್ನೇ ನೋಡಿ. ಅವರು ರೈಲಿನಲ್ಲಿ ಹೇಳಿದ 92 ತಿದ್ದಿದ ಮೇಲಿನ ಅಂಕಿ, ನಿಜಕ್ಕೂ ಹೊಡೆದದ್ದು 95. ಆ ಕೋರ್ಸಿನಲ್ಲಿ ಅವರ ಹ್ಯಾಂಡಿಕ್ಯಾಪ್ 24. ಅಂದರೆ 18 ಹೋಲಿಗೂ ಒಂದೊಂದು, ಉಳಿದ ಆರು ಸ್ಟ್ರೋಕ್ ಇಂಡೆಕ್ಸ್ 1ರಿಂದ 6ರ ಹೋಲುಗಳಿಗೆ ಇನ್ನೊಂದೊಂದು. ಸ್ಟ್ರೋಕ್ ಇಂಡೆಕ್ಸ್ 9ರ ಪಾರ್ 4 ಹೋಲಿನಲ್ಲಿ ಚೆಂಡು ಮರದ ಬುಡಕ್ಕೆ ಸಿಕ್ಕಿ 10 ಆಗಿತ್ತು. ಮಿತಿ 4+2+1=7. ಮೂರು ಕಳೆದವು. ಹೀಗೆ 95 ಹೋಗಿ 92 ಆಯಿತು. ಅದೇ 10, ಸ್ಟ್ರೋಕ್ ಇಂಡೆಕ್ಸ್ 2ರ ಪಾರ್ 5ರಲ್ಲಿ ಆಗಿದ್ದರೆ ಮಿತಿ 5+2+2=9, ಒಂದೇ ಕಳೆಯುತ್ತಿತ್ತು.

ಇನ್ನೂ ಹ್ಯಾಂಡಿಕ್ಯಾಪ್ ಇಲ್ಲದ ಹೊಸಬರಿಗೆ ಮಿತಿ ಪಾರ್‌ಗೆ 5 ಸೇರಿಸಿದಷ್ಟು. ದಯವಿಟ್ಟು ಗಮನಿಸಿ: ಪಂದ್ಯದ ಫಲಿತಾಂಶಕ್ಕೆ ಈ ತಿದ್ದುಪಡಿ ಇಲ್ಲ. ಅಲ್ಲಿ ಹೊಡೆದದ್ದೆಲ್ಲ ಹೊಡೆದದ್ದೇ.

ಹೆಜ್ಜೆ 2: ಡಿಫರೆನ್ಷಿಯಲ್ ತೆಗೆಯಿರಿ

ಯಾವುದೇ ಕೋರ್ಸಿನ ಸ್ಕೋರನ್ನು ಮಟ್ಟಸ ಕೋರ್ಸಿನ ಭಾಷೆಗೆ ತರುವ ಹೆಜ್ಜೆ ಇದು. ಸೂತ್ರ ಹೀಗಿದೆ:

(113 ÷ ಸ್ಲೋಪ್) × (ತಿದ್ದಿದ ಸ್ಕೋರ್ − ಕೋರ್ಸ್ ರೇಟಿಂಗ್ − ಆ ದಿನದ ತಿದ್ದುಪಡಿ)

ಆ ದಿನದ ತಿದ್ದುಪಡಿ ಅಂದರೆ, ಅವತ್ತು ಮಳೆ ಗಾಳಿಗೆ ಎಲ್ಲರ ಆಟವೂ ಏರುಪೇರಾಗಿತ್ತೇ ಅಂತ ನೋಡಿ ಕಂಪ್ಯೂಟರ್ ಕೊಡುವ ಅಂಕಿ. −1ರಿಂದ +3ರವರೆಗೆ ಇರಬಹುದು. ಅವತ್ತು ಆ ಕೋರ್ಸಿನಲ್ಲಿ ಕನಿಷ್ಠ ಎಂಟು ಸ್ಕೋರ್ ದಾಖಲಾಗಿದ್ದರೆ ಮಾತ್ರ ಇದು ಬರುತ್ತದೆ. ಬಹಳ ದಿನ ಸೊನ್ನೆಯೇ ಇರುತ್ತದೆ. ನಮ್ಮ ಕಡೆಯವರಿಗೆ ಜುಲೈ ಮಳೆ ಅಂದರೆ ಏನು ಅಂತ ಹೇಳಬೇಕಿಲ್ಲ. ನೆನೆದ ಫೇರ್‌ವೇಯಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ, ಉರುಳುವುದೇ ಇಲ್ಲ. ಅಂಥ ದಿನ ಆಡಿದ್ದರೆ ಸ್ಕೋರನ್ನು ಅದೇ ದಿನವೇ ದಾಖಲಿಸಿ. ನೀವು ನಾಳೆ ನಾಡಿದ್ದು ಅಂತ ಬಿಟ್ಟರೆ ಆ ದಿನದ ಲೆಕ್ಕಕ್ಕೆ ನಿಮ್ಮ ಕಾರ್ಡ್ ಸೇರುವುದಿಲ್ಲ.

ಈಗ ರೈಲಿನಲ್ಲಿ ಮಾಡಿದ ಲೆಕ್ಕ.

ಭಾವನ ಕೋರ್ಸ್: ಪಾರ್ 70, ರೇಟಿಂಗ್ 68.2, ಸ್ಲೋಪ್ 108. ಸ್ಕೋರ್ 92.
92 − 68.2 = 23.8. ಅದನ್ನು 113ರಿಂದ ಗುಣಿಸಿ 108ರಿಂದ ಭಾಗಿಸಿದರೆ 24.9.

ನನ್ನ ಕೋರ್ಸ್: ಪಾರ್ 72, ರೇಟಿಂಗ್ 73.1, ಸ್ಲೋಪ್ 134. ಸ್ಕೋರ್ 97.
97 − 73.1 = 23.9. ಅದನ್ನು 113ರಿಂದ ಗುಣಿಸಿ 134ರಿಂದ ಭಾಗಿಸಿದರೆ 20.2.

ನೋಡಿ, ರೇಟಿಂಗ್ ಕಳೆದಾಗ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದೆವು, 23.8 ಮತ್ತು 23.9. ಸ್ಲೋಪ್ ಬಂದ ಮೇಲೆಯೇ ದಾರಿ ಬೇರೆಯಾದದ್ದು. ಭಾವ ಕ್ಯಾಲ್ಕುಲೇಟರ್ ಇಸಿದುಕೊಂಡು ತಾವೇ ಎರಡು ಸಲ ಮಾಡಿ ನೋಡಿದರು. ಅದೇ ಉತ್ತರ.

ಹೆಜ್ಜೆ 3: ಡಿಫರೆನ್ಷಿಯಲ್‌ಗಳಿಂದ ಇಂಡೆಕ್ಸ್

ಕೊನೆಯ 20 ಡಿಫರೆನ್ಷಿಯಲ್ ತೆಗೆದುಕೊಳ್ಳಿ. ಅದರಲ್ಲಿ ಅತಿ ಕಡಿಮೆಯ ಎಂಟನ್ನು ಆರಿಸಿ ಸರಾಸರಿ ಮಾಡಿ. ಅದೇ ಹ್ಯಾಂಡಿಕ್ಯಾಪ್ ಇಂಡೆಕ್ಸ್. ನನ್ನ ಎಂಟು ಹೀಗಿವೆ: 20.2, 20.9, 21.3, 21.6, 22.0, 22.4, 22.7, 23.3. ಕೂಡಿದರೆ 174.4, ಎಂಟರಿಂದ ಭಾಗಿಸಿದರೆ 21.8.

ಉಳಿದ ಹನ್ನೆರಡನ್ನು ಮುಟ್ಟಲೇ ಇಲ್ಲ ಅನ್ನೋದನ್ನು ನೆನಪಿಡಿ. ಇಂಡೆಕ್ಸ್ ನಿಮ್ಮ ಸರಾಸರಿ ಆಟ ಅಲ್ಲ, ನಿಮ್ಮ ಒಳ್ಳೆಯ ದಿನಗಳ ಆಟ. "ನನ್ನ ಹ್ಯಾಂಡಿಕ್ಯಾಪಿಗೆ ತಕ್ಕಂತೆ ಆಡೋಕೇ ಆಗ್ತಿಲ್ಲ" ಅಂತ ಎಷ್ಟೋ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಹೆಚ್ಚಿನ ದಿನ ಹಾಗೆ ಆಡೋಕೆ ಆಗದಿರುವುದೇ ಸರಿ.

ಹೊಸ ಕಾರ್ಡ್ ಬಂದಂತೆ ಹಳೆಯದೊಂದು ಕೆಳಗೆ ಜಾರುತ್ತದೆ. ಇದರಿಂದ ಒಂದು ವಿಚಿತ್ರ ಆಗುತ್ತದೆ. ನೀವು ಇವತ್ತು ತೀರಾ ಕೆಟ್ಟದಾಗೇನೂ ಆಡಿಲ್ಲ, ಆದರೂ ಇಂಡೆಕ್ಸ್ ಏರಿದೆ. ನನ್ನ ಪಟ್ಟಿಯಲ್ಲಿ ಅತಿ ಹಳೆಯದು ಆ 20.9 ಆಗಿದ್ದರೆ, ಅದು ಹೋಗಿ ಮುಂದಿನ ಕಡಿಮೆ ಅಂಕಿ, 23.8 ಅಂದುಕೊಳ್ಳಿ, ಒಳಗೆ ಬರುತ್ತದೆ. ಮೊತ್ತ 177.3, ಇಂಡೆಕ್ಸ್ 22.2.

20 ಕಾರ್ಡ್ ಇಲ್ಲದವರು ಕಾಯಬೇಕಾಗಿಲ್ಲ. 54 ಹೋಲು, ಅಂದರೆ ಮೂರು ಪೂರ್ಣ ಆಟ ಇದ್ದರೆ ಸಾಕು. ಮೂರು ಕಾರ್ಡಿದ್ದರೆ ಅತಿ ಕಡಿಮೆಯದರಿಂದ 2 ಕಳೆಯಿರಿ, ನಾಲ್ಕಿದ್ದರೆ 1 ಕಳೆಯಿರಿ, ಐದಿದ್ದರೆ ಏನೂ ಕಳೆಯದೆ ಅದೇ. ಆರಿದ್ದರೆ ಕಡಿಮೆಯ ಎರಡರ ಸರಾಸರಿಯಿಂದ 1 ಕಳೆಯಿರಿ. 7-8ಕ್ಕೆ ಎರಡರ ಸರಾಸರಿ, 9ರಿಂದ 11ಕ್ಕೆ ಮೂರು, 12ರಿಂದ 14ಕ್ಕೆ ನಾಲ್ಕು, 15-16ಕ್ಕೆ ಐದು, 17-18ಕ್ಕೆ ಆರು, 19ಕ್ಕೆ ಏಳು. ಉದಾಹರಣೆಗೆ ಹೊಸಬರೊಬ್ಬರ ಮೂರು ಅಂಕಿ 33.4, 30.1, 31.8. ಕಡಿಮೆಯದು 30.1, ಎರಡು ಕಳೆದರೆ ಇಂಡೆಕ್ಸ್ 28.1. ಗರಿಷ್ಠ ಮಿತಿ ಗಂಡಸರು ಹೆಂಗಸರು ಎಲ್ಲರಿಗೂ 54.0.

ಇಂಡೆಕ್ಸ್ ಓಡಾಟಕ್ಕೆ ಕಡಿವಾಣವೂ ಇದೆ. ಕಳೆದ ಒಂದು ವರ್ಷದ ನಿಮ್ಮ ಅತಿ ಕಡಿಮೆ ಇಂಡೆಕ್ಸಿಗಿಂತ 3ಕ್ಕೂ ಹೆಚ್ಚು ಏರಿದರೆ, 3ರ ಮೇಲಿನದರಲ್ಲಿ ಅರ್ಧ ಮಾತ್ರ ಸೇರುತ್ತದೆ. ಒಟ್ಟು ಏರಿಕೆ 5ನ್ನು ದಾಟುವಂತಿಲ್ಲ. 18.0 ಇದ್ದವರದು ಲೆಕ್ಕದಲ್ಲಿ 24.0 ಬಂದರೆ ಸಿಗುವುದು 22.5. ಹಾಗೆಯೇ ಒಂದು ದಿನ ಇಂಡೆಕ್ಸಿಗಿಂತ 7 ಅಥವಾ ಹೆಚ್ಚು ಒಳ್ಳೆಯ ಡಿಫರೆನ್ಷಿಯಲ್ ಬಂದರೆ ಇಂಡೆಕ್ಸಿನಿಂದ 1 ಇಳಿಸುತ್ತಾರೆ, 10 ಅಥವಾ ಹೆಚ್ಚಿದ್ದರೆ 2. ಬೇಕಂತಲೇ ಹ್ಯಾಂಡಿಕ್ಯಾಪ್ ಏರಿಸಿಟ್ಟುಕೊಂಡು ಪಂದ್ಯದ ದಿನ ಮಿಂಚುವವರಿಂದ ಉಳಿದವರಿಗೆ ಆಗುವ ಅನ್ಯಾಯ ಇದರಿಂದ ಕಡಿಮೆಯಾಗುತ್ತದೆ. ನನಗೆ ಈ ಪದ್ಧತಿಯಲ್ಲಿ ಬಹಳ ಇಷ್ಟವಾದ ನಿಯಮ ಇದು.

9 ಹೋಲು ಮಾತ್ರ ಆಡಿದರೂ ದಾಖಲಿಸಬಹುದು. 2024ರಿಂದ, ಉಳಿದ ಒಂಬತ್ತಕ್ಕೆ ನಿಮ್ಮ ಇಂಡೆಕ್ಸಿನ ಮೇಲೆ ಅಂದಾಜು ಅಂಕಿ ಸೇರಿಸಿ ಕೂಡಲೇ 18ರ ಡಿಫರೆನ್ಷಿಯಲ್ ಮಾಡುತ್ತಾರೆ. ಆದರೆ ಒಬ್ಬರೇ ಆಡಿದ ಸ್ಕೋರ್ ನಡೆಯುವುದಿಲ್ಲ, ಜೊತೆಗೆ ನೋಡಿ ಬರೆಯುವವರೊಬ್ಬರು ಬೇಕು. ರೇಟಿಂಗ್ ಆಗದ ಕೋರ್ಸಿನ ಸ್ಕೋರೂ ನಡೆಯುವುದಿಲ್ಲ. ಅಲ್ಲಿ ಆಡಿದ್ದನ್ನು ನಿಮ್ಮ ಅಭ್ಯಾಸದ ವಹಿಯಲ್ಲಿ ಬರೆದಿಡಿ, ಇಂಡೆಕ್ಸಿಗೆ ಬೆರೆಸಬೇಡಿ.

ಹೆಜ್ಜೆ 4: ಹೊಸ ಕೋರ್ಸಿಗೆ ಹೋದಾಗ ಇಂಡೆಕ್ಸನ್ನು ತಿರುಗಿಸಿ

ಇಂಡೆಕ್ಸ್ ಅನ್ನೋದು ಮಟ್ಟಸ ಕೋರ್ಸಿನ ಅಂಕಿ. ಅದನ್ನು ಹಾಗೇ ಎಲ್ಲಿಯೂ ಬಳಸಬಾರದು. ಈ ತಪ್ಪು ನಾವು ಮಾಡಿದ್ದೇವೆ. ಒಂದು ಸಲ ನಾನು ಭಾವ ಇಬ್ಬರೇ ಆ ಸ್ಲೋಪ್ 134ರ ಕೋರ್ಸಿನಲ್ಲಿ ಮ್ಯಾಚ್ ಆಡಿದೆವು. ಮ್ಯಾಚ್ ಅಂದರೆ ಒಟ್ಟು ಹೊಡೆತ ಅಲ್ಲ, ಯಾರು ಎಷ್ಟು ಹೋಲು ಗೆದ್ದರು ಅಂತ ಎಣಿಸುವ ಆಟ. ಅವರ ಇಂಡೆಕ್ಸ್ 26.6, ನನ್ನದು 21.8. ವ್ಯತ್ಯಾಸ 4.8, ಹಾಗಾಗಿ ಐದು ಹೊಡೆತ ಬಿಟ್ಟುಕೊಟ್ಟೆ. ನಾನು ಒಂದು ಹೋಲಿನಿಂದ ಗೆದ್ದೆ. ಮನೆಗೆ ಬಂದು ಸರಿಯಾಗಿ ಲೆಕ್ಕ ಹಾಕಿದರೆ ಅವರಿಗೆ ಆರು ಸಿಗಬೇಕಿತ್ತು. ಸ್ಟ್ರೋಕ್ ಇಂಡೆಕ್ಸ್ 6ರ ಹೋಲಿನಲ್ಲಿ ಇಬ್ಬರದೂ 6, ಸರಿಸಮ ಅಂತ ಬರೆದಿತ್ತು. ಒಂದು ಹೊಡೆತ ಅವರಿಗೆ ಸಿಕ್ಕಿದ್ದರೆ ಆ ಹೋಲು ಅವರದ್ದು, ಮ್ಯಾಚ್ ಸಮ. ಅವರಿಗೆ ಫೋನ್ ಮಾಡಿ ಹೇಳುವವರೆಗೆ ನನಗೆ ಸಮಾಧಾನ ಆಗಲಿಲ್ಲ.

ಸರಿಯಾದ ಸೂತ್ರ ಇದು:

ಕೋರ್ಸ್ ಹ್ಯಾಂಡಿಕ್ಯಾಪ್ = ಇಂಡೆಕ್ಸ್ × (ಸ್ಲೋಪ್ ÷ 113) + (ಕೋರ್ಸ್ ರೇಟಿಂಗ್ − ಪಾರ್)

ಎರಡನೇ ಹೆಜ್ಜೆಯಲ್ಲಿ 113 ಮೇಲಿತ್ತು, ಸ್ಲೋಪ್ ಕೆಳಗಿತ್ತು. ಇಲ್ಲಿ ತಿರುವುಮುರುವು. ಅಲ್ಲಿ ಕೋರ್ಸಿನಿಂದ ಮಟ್ಟಸಕ್ಕೆ ಬಂದೆವು, ಇಲ್ಲಿ ಮಟ್ಟಸದಿಂದ ಕೋರ್ಸಿಗೆ ಹೋಗುತ್ತಿದ್ದೇವೆ. ಇದೊಂದು ತಲೆಯಲ್ಲಿ ಕೂತರೆ ಸೂತ್ರ ಬಾಯಿಪಾಠ ಮಾಡಬೇಕಾಗಿಲ್ಲ.

ಸುಲಭದ ಕೋರ್ಸಿನಲ್ಲಿ ನನಗೆ: 21.8 × 108 ÷ 113 = 20.84. ರೇಟಿಂಗ್ 68.2ರಿಂದ ಪಾರ್ 70 ಕಳೆದರೆ −1.8. ಉತ್ತರ 19.04, ಅಂದರೆ 19.
ಕಷ್ಟದ ಕೋರ್ಸಿನಲ್ಲಿ: 21.8 × 134 ÷ 113 = 25.85. 73.1ರಿಂದ 72 ಕಳೆದರೆ 1.1. ಉತ್ತರ 26.95, ಅಂದರೆ 27.

ಒಂದೇ ಮನುಷ್ಯ, ಎಂಟು ಹೊಡೆತ ವ್ಯತ್ಯಾಸ. ಇಂಡೆಕ್ಸ್ 2.0 ಇರುವ ಗಟ್ಟಿ ಆಟಗಾರನಿಗೆ ಇದೇ ಎರಡು ಕೋರ್ಸಿನಲ್ಲಿ ಬರುವುದು 0 ಮತ್ತು 3. ಅವನಿಗೆ ಮೂರೇ ಹೊಡೆತದ ವ್ಯತ್ಯಾಸ. ಉಣಕಲ್ ಕೆರೆಯ ಓಟಗಾರ ಮತ್ತು ನಾನು ನೆನಪಾಗಬೇಕು ಇಲ್ಲಿ.

ಲೆಕ್ಕ ಸರಿಯೇ ಅಂತ ನೋಡಲು ಒಂದು ಉಪಾಯ. ಪಾರ್‌ಗೆ ಕೋರ್ಸ್ ಹ್ಯಾಂಡಿಕ್ಯಾಪ್ ಕೂಡಿಸಿ: ಸುಲಭದ್ದು 70+19=89, ಕಷ್ಟದ್ದು 72+27=99. ಈ ಎರಡು ಸ್ಕೋರನ್ನು ಎರಡನೇ ಹೆಜ್ಜೆಯ ಸೂತ್ರಕ್ಕೆ ಹಾಕಿ ನೋಡಿ. ಎರಡೂ ಕಡೆ 21.8 ಬರುತ್ತದೆ. ನನ್ನ ಮಟ್ಟಿಗೆ ಅಲ್ಲಿನ 89, ಇಲ್ಲಿನ 99 ಒಂದೇ ಆಟ. ನೀವು ಹೊಸ ಕೋರ್ಸಿಗೆ ಹೋಗುವ ಮುನ್ನ ಈ ಅಂಕಿಯನ್ನು ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಕಷ್ಟದ ಕೋರ್ಸಿನಲ್ಲಿ ಮೊದಲ ಒಂಬತ್ತಕ್ಕೆ 50 ಆದಾಗ ಎದೆ ಒಡೆದುಕೊಳ್ಳುವುದು ತಪ್ಪುತ್ತದೆ.

ಹೆಜ್ಜೆ 5: ಪಂದ್ಯದ ಬಗೆ ನೋಡಿ

ಕೊನೆಯ ಸಣ್ಣ ಹೆಜ್ಜೆ. ಒಬ್ಬೊಬ್ಬರೇ ಆಡಿ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಗೆ ಕೋರ್ಸ್ ಹ್ಯಾಂಡಿಕ್ಯಾಪಿನ 95% ಹಿಡಿಯುತ್ತಾರೆ. ನನ್ನ 26.95ಕ್ಕೆ 25.6, ಅಂದರೆ 26. ಇಲ್ಲಿ 27ರಿಂದಲ್ಲ, ದಶಮಾಂಶ ಇರುವ ಮೂಲ ಅಂಕಿಯಿಂದಲೇ ಹೋಗಬೇಕು. ಫೋರ್‌ಬಾಲ್ ಅಂದರೆ ಇಬ್ಬಿಬ್ಬರ ಜೋಡಿಯಾಗಿ ಆಡಿ, ಪ್ರತಿ ಹೋಲಿಗೂ ಜೋಡಿಯಲ್ಲಿ ಒಳ್ಳೆಯ ಸ್ಕೋರನ್ನು ಹಿಡಿಯುವ ಆಟ. ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ 85%, ಫೋರ್‌ಬಾಲ್ ಮ್ಯಾಚಿಗೆ 90%. ಇಬ್ಬರ ನಡುವಿನ ಮ್ಯಾಚಿಗೆ ಪೂರ್ತಿ 100%. ಪಂದ್ಯ ನಡೆಸುವವರು ಬೇರೆ ಹೇಳಿದರೆ ಅದೇ ಅಂತಿಮ.

ಮ್ಯಾಚಿನಲ್ಲಿ ಇಬ್ಬರ ವ್ಯತ್ಯಾಸ ಮಾತ್ರ ಲೆಕ್ಕ. ಭಾವನಿಗೆ ಸುಲಭದ ಕೋರ್ಸಿನಲ್ಲಿ 24, ನನಗೆ 19, ಬಿಟ್ಟುಕೊಡಬೇಕಾದ್ದು ಐದು. ಕಷ್ಟದ ಕೋರ್ಸಿನಲ್ಲಿ ಅವರಿಗೆ 32.64 ಅಂದರೆ 33, ನನಗೆ 27, ಬಿಟ್ಟುಕೊಡಬೇಕಾದ್ದು ಆರು. ಸ್ಟ್ರೋಕ್ ಇಂಡೆಕ್ಸ್ 1ರಿಂದ 6ರ ಹೋಲುಗಳಲ್ಲಿ ಒಂದೊಂದು.

ಮೊನ್ನೆ ಗದಗಿನಿಂದ ಫೋನ್ ಬಂತು. "ಮುಂದಿನ ತಿಂಗಳು ಮತ್ತ ಅಲ್ಲೇ ಆಡೋಣ. ಎಷ್ಟು ಕೊಡ್ತಿ?"

"ಆರು ಕೊಡ್ತೀನಿ ಭಾವ."

"ಆರನೇದು ಆ ಹೋಲಿಗೇ ಬರ್ತದಲ್ಲ?"

"ಹೌದು, ಅಲ್ಲಿಗೇ ಬರುತ್ತೆ" ಅಂದೆ.